ನಮ್ಮಕ್ಕ ಬ್ಯಾಂಕು ನೋಡಲು ಹೊರಟದ್ದು

ತಿಪಟೂರಿನ ಬ್ಯಾಂಕುಗಳು ಕಳ್ಳರಿಗೆ ಹೆದರುತ್ತಿದ್ದವು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಳ್ಳ ಬಂದರೆ ಗಂಟೆ ಒತ್ತಬೇಕು, ಬಾಗಿಲು ಹಾಕಿಕೊಳ್ಳಬೇಕು, ಪೊಲೀಸರನ್ನು ಕೂಗಬೇಕು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ನಮ್ಮಕ್ಕ ಬಂದರೆ ಏನು ಮಾಡಬೇಕು ಎಂದು ಮಾತ್ರ ಯಾವ ಮೇಲಧಿಕಾರಿಯೂ ಹೇಳಿಕೊಟ್ಟಿರಲಿಲ್ಲ!

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ಓರಗಿತ್ತಿ. ನನ್ನ ಯಜಮಾನರ ಅಣ್ಣನ ಹೆಂಡತಿ. ಅವರಿಗೆ ಸಿಟ್ಟು ಬರುತ್ತಿತ್ತು ಎಂದು ಊರಿನವರು ಹೇಳುವುದು ತಪ್ಪು. ಬರಬೇಕಾದರೆ ಅದು ಮೊದಲು ಹೋಗಿರಬೇಕಲ್ಲವೇ? ದಿನವೂ ತಡವಾಗಿ ಬರುವ ಬಸ್ಸು ಒಂದು ದಿನ ಸರಿಯಾದ ಹೊತ್ತಿಗೆ ಬಂದರೆ, "ಇವತ್ತೇನ್ಲಾ ನಿಂಗೆ ಅವಸರ? ನಾನು ತಲೆ ಬಾಚ್ಕಬೇಡ್ವಾ?" ಎಂದು ಡ್ರೈವರನ ಮೇಲೆ ಹರಿಹಾಯುವ ಜನ ಅವರು. ಮಳೆ ಬರುತ್ತದೆಂದು ರೇಡಿಯೋ ಹೇಳಿ ಮಳೆ ಬಾರದಿದ್ದರೆ ರೇಡಿಯೋಗೆ ಬೈಗುಳ. ಹೇಳಿದ ಹಾಗೆ ಬಂದರೂ ಬೈಗುಳ: "ಇವನು ಬಾಯಿ ಬುಟ್ಟಿದ್ದಕ್ಕೇ ಬಂದಿದ್ದು!"

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಮ್ಮದು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ಹಳ್ಳಿ. ಭಾವನವರು ತೋಟ ನೋಡಿಕೊಳ್ಳುತ್ತಿದ್ದರು. ನನ್ನ ಯಜಮಾನರು ಶೆಟ್ಟಿಕೆರೆ ಕಡೆ ಮೇಷ್ಟ್ರು, ಶನಿವಾರ ಬಂದು ಸೋಮವಾರ ಹೊರಡುವವರು. ನಾನು ತುಮಕೂರಿನಲ್ಲಿ ಬಿ.ಎ. ಮಾಡಿಕೊಂಡು ಬಂದ ಸೊಸೆ. ಆ ಬಿ.ಎ. ಏನಾಯಿತು ಅಂತೀರಾ? "ನಮ್ಮನೆ ಸೊಸೆ ಸಂಬಳಕ್ಕೆ ಹೋಗಿ ಉಣ್ಣೋ ಗತಿ ಬಂದಿಲ್ಲ" ಎಂದು ಮಾವನವರು ಒಂದೇ ಮಾತಿನಲ್ಲಿ ಮುಗಿಸಿದ ಮೇಲೆ, ನನ್ನ ಪದವಿ ಅಟ್ಟದ ಮೇಲೆ ಕೊಬ್ಬರಿಯ ಪಕ್ಕ ಒಣಗುತ್ತಿತ್ತು. ಕೊಬ್ಬರಿಗಾದರೂ ವರ್ಷಕ್ಕೊಮ್ಮೆ ಗಿರಾಕಿ ಬರುತ್ತಿದ್ದ!

ಇಂಥ ಮನೆಯಲ್ಲಿ ಕಂಪನಿ ಹುಟ್ಟಿದ್ದು ಒಂದು ಕಾಲೊರಸಿನಿಂದ. ಅಕ್ಕ ತುಮಕೂರಿಗೆ ಯಾರದೋ ಮದುವೆಗೆ ಹೋದವರು ಅಂಗಡಿಯೊಂದರಲ್ಲಿ ಕಾಲೊರಸು ಕೊಂಡರು. ಯಾವುದರಲ್ಲಿ ಮಾಡಿದ್ದೆಂದು ಕೇಳಿದರು. "ತೆಂಗಿನ ನಾರಿಂದು ಅಮ್ಮ, ದೂರದಿಂದ ಬರುತ್ತೆ" ಎಂದ ಅಂಗಡಿಯವನು. ಮುಗಿಯಿತು!

"ನಮ್ಮ ತ್ವಾಟದ ಮಟ್ಟೆನೆಲ್ಲ ನೀರೊಲೆಗೆ ಹಾಕಿ ಸುಟ್ಟು, ಕಾಲೊರ್ಸಕ್ಕೆ ಕಂಡೋರ ಮಟ್ಟೆನ ಕಾಸು ಕೊಟ್ಟು ತರದಾ? ನಾವೇನು ಮನುಷ್ರಾ?"

ಅಂಗಡಿಯವನಿಗೆ ಈಕೆ ತೊಲಗಿದರೆ ಸಾಕಾಗಿತ್ತು. "ಹಾಗಾದ್ರೆ ನೀವೇ ಮಾಡಿ ತನ್ನಿ ಅಮ್ಮ, ನಾನು ತಗೋತೀನಿ" ಎಂದುಬಿಟ್ಟ. ಪಾಪ, ಬಾಯಿ ತಪ್ಪಿ ಆಡಿದ ಮಾತು.

ಆ ವಾರವೇ ಕೆರೆಯಂಚಿನ ಗುಂಡಿಯಲ್ಲಿ ಕಾಯಿ ಸುಲಿದ ಮಟ್ಟೆ ನೆನೆಹಾಕಿದ್ದಾಯಿತು. ಅದು ಕೊಳೆಯಬೇಕು, ಕೊಳೆತ ಮೇಲೆ ಮರದ ಕೊಡತಿಯಲ್ಲಿ ಬಡಿಯಬೇಕು, ಬಡಿದು ನಾರು ಬಿಡಿಸಬೇಕು, ಆಮೇಲೆ ಹಗ್ಗ ಹೊಸೆಯಬೇಕು, ಆ ಹಗ್ಗದಲ್ಲಿ ಕಾಲೊರಸು ಹೆಣೆಯಬೇಕು. ಕೊಳೆತ ಮಟ್ಟೆಯ ವಾಸನೆ ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಸೀಗೆಕಾಯಿಗೂ ಹೋಗುವುದಿಲ್ಲ, ಸೋಪಿಗೂ ಹೋಗುವುದಿಲ್ಲ. ಬಿ.ಎ. ಓದಿದ ನಾನು ದಿನವಿಡೀ ಕೊಡತಿ ಹಿಡಿದು ಬಡಿಯುತ್ತಿದ್ದೆ. ಯಾಕೆ ಒಪ್ಪಿಕೊಂಡೆ ಅಂತ ಕೇಳಬೇಡಿ, ಒಪ್ಪಿಕೊಳ್ಳುತ್ತೀಯಾ ಅಂತ ನನ್ನನ್ನು ಯಾರು ಕೇಳಿದ್ದರು!

"ವಾರಗಿತ್ತೀರಿಬ್ರು ಒಂದು ಒಲೆ ಊದಕ್ಕಾಗಕಿಲ್ಲ, ಕಂಪ್ನಿ ಮಾಡ್ತಾರಂತೆ" ಎಂದು ಊರು ನಕ್ಕಿತು. ವಾರಗಿತ್ತಿ ಕಂಪನಿ ಎಂದು ಹೆಸರೂ ಇಟ್ಟಿತು. ಅಕ್ಕ ಕೇಳಿಸಿಕೊಂಡು, "ಚೆನ್ನಾಗೈತೆ. ಬಿಟ್ಟಿ ಸಿಕ್ತಲ್ಲ" ಎಂದು ಅದನ್ನೇ ಎತ್ತಿಕೊಂಡರು. ತಿಪಟೂರಿನ ವಕೀಲರೊಬ್ಬರು ಛಾಪಾ ಕಾಗದದ ಮೇಲೆ "ಓರಗಿತ್ತಿ ಅಂಡ್ ಕಂಪನಿ" ಎಂದು ಬರೆದು, ಇಬ್ಬರಿಗೂ ಸಮಪಾಲು ಎಂದು ಬರೆದು, ತಮ್ಮ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು.

ಮೊದಲ ಸರಕು ತುಮಕೂರಿಗೆ ಹೋಯಿತು. ಅಂಗಡಿಯವನು ಮಾತಿಗೆ ತಪ್ಪಲಿಲ್ಲ, ಚೆಕ್ಕು ಕಳಿಸಿದ. ಆ ಚೆಕ್ಕನ್ನು ನೋಡಿ ಅಕ್ಕ ಅಂಗಳದಲ್ಲಿ ನಿಂತು ಕೂಗಿದ ಕೂಗಿಗೆ ಮರದ ಮೇಲಿದ್ದ ಕಾಯಿ ಕೀಳುವವನು ಗಾಬರಿಯಾಗಿ ಇಳಿದು ಬಂದ.

"ಗೀಟು ಎಳ್ದವ್ನೆ ಕಣೇ! ನೋಡಿಲ್ಲಿ! ಎರಡು ಗೀಟು! ಹೊಡೆದುಹಾಕಿರೋ ಕಾಗ್ದ ಕೊಟ್ಟು ಹೆಂಗಸ್ರು ಅಂತ ಯಾಮಾರಿಸವ್ನೆ!"

"ಅಕ್ಕ, ಅದು ಹೊಡೆದುಹಾಕಿರೋದಲ್ಲ. ಕ್ರಾಸ್ ಮಾಡಿರೋದು. ಕೈಗೆ ದುಡ್ಡು ಕೊಡಲ್ಲ, ಕಂಪನಿ ಹೆಸರಿನ ಖಾತೆಗೇ ಹೋಗುತ್ತೆ."

"ನೀನು ಸುಮ್ಕಿರು. ಇಸ್ಕೂಲಲ್ಲಿ ತಪ್ಪು ಬರೆದ್ರೆ ಮೇಷ್ಟ್ರು ಹಿಂಗೇ ಗೀಟು ಎಳೀತಿದ್ರು, ನಂಗೊತ್ತಿಲ್ವಾ?"

ನನ್ನ ಮಾತು ನಂಬದೆ ಬಸ್ಸು ಹತ್ತಿ ತುಮಕೂರಿಗೇ ಹೋದರು. ಅಂಗಡಿಯವನು ನಾನು ಹೇಳಿದ್ದನ್ನೇ ಅಕ್ಷರಶಃ ಹೇಳಿದ. ಹಿಂದಿರುಗಿ ಬಂದು, "ಅವನು ಬೋ ತಿಳ್ಕೊಂಡವ್ನೆ" ಎಂದರು. ನನ್ನ ಹೊಟ್ಟೆ ಉರಿಯುವುದೋ ಬೇಡವೋ?

ಹೀಗೆ ನಮಗೊಂದು ಬ್ಯಾಂಕು ಬೇಕಾಯಿತು. ಬೇರೆಯವರಾಗಿದ್ದರೆ ಹತ್ತಿರ ಯಾವುದಿದೆಯೋ ಅಲ್ಲಿಗೆ ಹೋಗಿ ಖಾತೆ ತೆರೆಯುತ್ತಿದ್ದರು. ಅಕ್ಕ ಗಂಡು ನೋಡಲು ಹೊರಟ ಹಾಗೆ ಹೊರಟರು! ಇಸ್ತ್ರಿ ಮಾಡಿದ ಸೀರೆ, ಮುಡಿಗೆ ಕನಕಾಂಬರ, ಕೈಯಲ್ಲಿ ಮಾದರಿಗೆಂದು ಹಗ್ಗದ ಸುರುಳಿ ಹಾಕಿದ ಚೀಲ. ಇಂಗ್ಲಿಷ್ ಓದಲು ನಾನು ಹಿಂದೆ.

ಮೊದಲನೆಯದು ಪೇಟೆ ಬೀದಿಯ ದೊಡ್ಡ ಬ್ಯಾಂಕು. ನಾವು ಒಳಗೆ ಕಾಲಿಟ್ಟೊಡನೆ ಗುಮಾಸ್ತನೊಬ್ಬ ಕರವಸ್ತ್ರ ತೆಗೆದು ಮೂಗಿಗೆ ಹಿಡಿದ. ಮಟ್ಟೆಯ ವಾಸನೆ ಎಂದು ನನಗೆ ಗೊತ್ತಾಗಿ ನೆಲಕ್ಕಿಳಿದುಹೋದೆ. ಅಕ್ಕ, "ನೆಗಡಿಯಾ ಮಗ? ಮೆಣಸಿನ ಕಷಾಯ ಕುಡಿ" ಎಂದು ಅವನ ಎದುರಿಗೇ ಹೋಗಿ ನಿಂತರು. ಆಮೇಲೆ ಗೋಡೆ ಮುಟ್ಟಿ ನೋಡಿದರು, ತೇವ ಇದೆಯಾ ಅಂತ. ನೀರಿನ ಹೂಜಿಯ ಮುಚ್ಚಳ ಎತ್ತಿ ನೋಡಿದರು. ಮ್ಯಾನೇಜರ ಮುಂದೆ ಕುಳಿತ ಮೇಲೆ ಮೊದಲ ಪ್ರಶ್ನೆ:

"ಇಲ್ಲಿ ಕಳ್ತನ ಆದ್ರೆ ಮೊದ್ಲು ಯಾರ ದುಡ್ಡು ಹೋಯ್ತದೆ ಸಾಮಿ?"

ಮ್ಯಾನೇಜರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಕಂಪನಿಯಾದ್ದರಿಂದ ನೀವು ಕರೆಂಟ್ ಅಕೌಂಟ್ ತೆರೆಯಬೇಕು ಎಂದರು.

"ಕರೆಂಟ್ ಬ್ಯಾಡ. ನಮ್ದು ಕೈಯಲ್ಲಿ ಹೊಸೆಯೋದು."

ಅದು ಆ ಕರೆಂಟಲ್ಲ, ವ್ಯಾಪಾರದವರು ದಿನವೂ ಹಾಕಿ ತೆಗೆಯುವ ಖಾತೆಗೆ ಹಾಗೆನ್ನುತ್ತಾರೆ ಎಂದು ನಾನು ಕಿವಿಯಲ್ಲಿ ಹೇಳಿದೆ. ಹಾಗಾದರೆ ಬಡ್ಡಿ ಎಷ್ಟು ಎಂದು ಕೇಳಿದರು. ಈ ಖಾತೆಗೆ ಬಡ್ಡಿ ಇಲ್ಲ ಎಂದರು ಮ್ಯಾನೇಜರು.

ಆ ಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಅಕ್ಕ ಎದ್ದು ನಿಂತರು. "ಅಲ್ಲಾ ಸಾಮಿ, ನಮ್ಮ ಹಸಾನ ನಿಮ್ಮ ಕೊಟ್ಟಿಗೇಲಿ ಕಟ್ಟುಸ್ಕಂಡು ಹಾಲೂ ನೀವೇ ಕುಡೀತೀರಾ? ಸಗಣಿನಾದ್ರೂ ನಮಗೆ ಕೊಡಿ!"

ಮ್ಯಾನೇಜರು ನಕ್ಕುಬಿಟ್ಟರು, ಹಣ ಕಟ್ಟಲು ನಿಂತಿದ್ದ ಕೊಬ್ಬರಿ ವ್ಯಾಪಾರಿಗಳೆಲ್ಲ ಹೋ ಎಂದು ನಕ್ಕರು. ಒಬ್ಬರಂತೂ, "ಕೇಳಿ ಅಮ್ಮ, ನಾವು ಇಷ್ಟು ವರ್ಷದಿಂದ ಕೇಳ್ಲಿಲ್ಲ!" ಎಂದು ಕುಮ್ಮಕ್ಕು ಬೇರೆ! ಆ ಬ್ಯಾಂಕು ಅಲ್ಲಿಗೆ ಮುಗಿಯಿತು.

ಎರಡನೆಯದರಲ್ಲಿ ಬಡ್ಡಿಯವರೆಗೆ ಮಾತು ಹೋಗಲೇ ಇಲ್ಲ. ಅಲ್ಲಿನ ಮ್ಯಾನೇಜರು ನಮ್ಮ ಛಾಪಾ ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದು, ನಮ್ಮಿಬ್ಬರ ಹಿಂದೆ ಬಾಗಿಲ ಕಡೆ ನೋಡಿ, "ಯಜಮಾನ್ರು ಎಲ್ಲಿ?" ಎಂದು ಕೇಳಿದರು.

"ತ್ವಾಟದಾಗವ್ರೆ."

"ಅವರನ್ನ ಕರ್ಕೊಂಡು ಬನ್ನಿ, ಮಾತಾಡೋಣ."

"ಕಂಪ್ನಿ ನಂದು ಇವಳ್ದು. ಅವರ್ಯಾಕೆ?"

"ಹಾಗಲ್ಲಮ್ಮ, ಗಂಡಸರು ಒಬ್ಬರು ಜವಾಬ್ದಾರಿ ಅಂತ ಇರಬೇಕು."

ಈಗ ಸಿಡಿಲು ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಬೀಳಲಿಲ್ಲ. ಅಕ್ಕ ತಣ್ಣಗೆ, "ಆಗ್ಲಿ, ಕರ್ಕೊಂಬತ್ತೀನಿ" ಎಂದು ಹೊರಟುಬಂದರು. ಅಕ್ಕ ಕೂಗಿದರೆ ಊರಿಗೆ ಕಷ್ಟ, ಸುಮ್ಮನಾದರೆ ನಾಡಿಗೇ ಕಷ್ಟ!

ಮಾರನೆಯ ವಾರ ಭಾವನವರು ಬಂದರು. ಅವರು ದಿನಕ್ಕೆ ಎರಡೋ ಮೂರೋ ಮಾತು ಆಡುವವರು, ಅದೂ ಎತ್ತುಗಳ ಜೊತೆ. ಮ್ಯಾನೇಜರು ಎದ್ದು ಅವರಿಗೆ ಕುರ್ಚಿ ಎಳೆದು ಕೊಟ್ಟರು. ನಾವಿಬ್ಬರು ನಿಂತೇ ಇದ್ದೆವು.

"ಹೇಳಿ ಸಾರ್, ಏನು ವ್ಯವಹಾರ ನಿಮ್ಮದು?"

"ನಂದಾ? ತ್ವಾಟಕ್ಕೆ ನೀರು ಹಾಯ್ಸೋದು" ಎಂದರು ಭಾವ.

"ಅದಲ್ಲ, ಈ ನಾರಿನ ಕಂಪನಿ ವಿಚಾರ..."

"ಅದು ಅವರ್ದು. ನಂಗೆ ಅದರ ವಾಸ್ನೆ ಒಂದು ಗೊತ್ತು."

"ಇರಲಿ ಸಾರ್. ನೀವು ಇಲ್ಲೊಂದು ಸಹಿ ಹಾಕಿಬಿಟ್ಟರೆ ಕೆಲಸ ಆಗುತ್ತೆ. ಅವರದ್ದೇನೂ ಬೇಕಾಗಿಲ್ಲ."

ಭಾವನವರು ಪೆನ್ನು ನೋಡಿದರು. ಅಕ್ಕನ ಮುಖ ನೋಡಿದರು. ಪೆನ್ನನ್ನು ಮೆಲ್ಲಗೆ ಮೇಜಿನ ಆಚೆ ತುದಿಗೆ ತಳ್ಳಿ, "ಹಾಕ್ಬೋದು ಸಾಮಿ. ಹಾಕಿ ಆಮ್ಯಾಕೆ ನಾನು ಮನೆಗೆ ಹೋಗ್ಬೇಕಲ್ಲ!" ಎಂದು ಎದ್ದೇಬಿಟ್ಟರು.

ಹೊರಗೆ ಬಂದು ಅಕ್ಕ ಅವರಿಗೆ ಮಸಾಲೆ ದೋಸೆ ಕೊಡಿಸಿದರು. ನನಗೂ ಕೊಡಿಸಿದರು, ಆದರೆ ಅವರಿಗೆ ಎರಡು.

ಅಷ್ಟರಲ್ಲಿ ಚೆಕ್ಕು ಹಳತಾಗುತ್ತಿತ್ತು. ಇನ್ನು ತಡಮಾಡಿದರೆ ಅದು ನಡೆಯುವುದಿಲ್ಲ, ತುಮಕೂರಿನವನ ಕಾಲು ಹಿಡಿದು ಹೊಸದು ಬರೆಸಬೇಕಾಗುತ್ತದೆ ಎಂದು ನಾನು ಹೆದರಿಸಿದೆ. ಕಾಲು ಹಿಡಿಯುವ ಮಾತು ಕೆಲಸ ಮಾಡಿತು. ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಆಗತಾನೇ ಇನ್ನೊಂದು ಬ್ಯಾಂಕು ಬಾಗಿಲು ತೆರೆದಿತ್ತು. ಗೋಡೆಯ ಸುಣ್ಣ ಇನ್ನೂ ಕೈಗೆ ಹತ್ತುತ್ತಿತ್ತು. ಎದುರಿನ ಹೋಟೆಲಿನಲ್ಲಿ ಚಾ ಕುಡಿದು, ಚಾ ತಣ್ಣಗಿದೆ ಎಂದು ಹೋಟೆಲಿನವನಿಗೆ ವಂಶಪಾರಂಪರ್ಯವಾಗಿ ಬೈದು, ಅಕ್ಕ ಒಳಗೆ ನುಗ್ಗಿದರು.

ಇಲ್ಲಿನ ಮ್ಯಾನೇಜರು ಕರಾವಳಿ ಕಡೆಯವರು. ಸಣ್ಣಗೆ, ಕಪ್ಪಗೆ, ಚೂಪು ಮೂಗಿನ ಮನುಷ್ಯ. "ಕೂತುಕೊಳ್ಳಿ, ಕೂತುಕೊಳ್ಳಿ. ಎಂತ ಆಗಬೇಕಿತ್ತು?" ಎಂದರು. ಇಲ್ಲಿ ಕುರ್ಚಿ ಎರಡಿದ್ದವು, ಇಬ್ಬರೂ ಕೂತೆವು. ಅಕ್ಕ ಹಗ್ಗದ ಸುರುಳಿ ತೆಗೆದು ಮೇಜಿನ ಮೇಲಿಟ್ಟರು. ಮ್ಯಾನೇಜರು ಅದನ್ನು ಎತ್ತಿ, ಉಗುರಿನಿಂದ ಒಂದು ಎಳೆ ಬಿಡಿಸಿ, ತುಟಿ ಮುಂದೆ ಮಾಡಿದರು.

"ಇದು ನೀವು ಮಾಡಿದ್ದಾ? ಸಿಹಿ ನೀರಿನಲ್ಲಿ ಕೊಳೆಸಿದ್ದಲ್ಲವಾ? ಹಾಗಾದರೆ ಬಾಳಿಕೆ ಬರುವುದಿಲ್ಲ. ನಮ್ಮಲ್ಲಿ ಹೊಳೆ ಬಾಯಿಯ ಉಪ್ಪು ನೀರಿನಲ್ಲಿ ಹಾಕುವುದು. ಅದು ಹಗ್ಗ!"

"ಏನಂದ್ರಿ?" ಎಂದರು ಅಕ್ಕ.

"ಹಗ್ಗ ಬಿಡಿ, ಕಾಯಿಯೂ ಹಾಗೆಯೇ. ನಮ್ಮ ಊರಿನ ತೆಂಗಿನಕಾಯಿ ನೀವು ನೋಡಬೇಕು, ಇಷ್ಟು ದೊಡ್ಡದು ಉಂಟು. ನಿಮ್ಮದು ಅದರ ಮುಂದೆ ಲಿಂಬೆಹಣ್ಣು."

ತಿಪಟೂರಿನಲ್ಲಿ ಕುಳಿತು ತಿಪಟೂರಿನ ಕಾಯಿಯನ್ನು ಲಿಂಬೆಹಣ್ಣು ಎನ್ನುವುದೇ? ನನಗೇ ರಕ್ತ ಕುದಿಯಿತು. ಇನ್ನು ಅಕ್ಕ!

"ಗಾತ್ರ ಇದ್ರೆ ಏನ್ ಬಂತು ಸಾಮಿ? ಕುಂಬಳಕಾಯೂ ದಪ್ಪಕೈತೆ! ನಿಮ್ಮೂರ ಕೊಬ್ರಿ ತಲೆಗೆ ತಿಕ್ಕಳಕ್ಕೆ, ನಮ್ಮೂರ ಕೊಬ್ರಿ ಬಾಯಿಗೆ ಹಾಕ್ಕಳಕ್ಕೆ!"

"ಹೋ, ಮೀನಿನ ಸಾರಿಗೆ ಹಾಕಿ ನೋಡಿ, ಆಮೇಲೆ ಹೇಳಿ!"

"ಹಗ್ಗ ಬಾಳಿಕೆ ಬರಾಕಿಲ್ಲ ಅಂದ್ರಲ್ಲ, ಹಿಡೀರಿ ಈ ತುದಿನ! ಹಿಡೀರಿ ಅಂದ್ರೆ!"

ಆ ಪುಣ್ಯಾತ್ಮ ಹಿಡಿದೇಬಿಟ್ಟರು! ಹಾಡುಹಗಲಲ್ಲಿ, ತೆರೆದ ಬ್ಯಾಂಕಿನಲ್ಲಿ, ಅಕ್ಕ ಒಂದು ಕಡೆ ಸೆರಗು ಸಿಕ್ಕಿಸಿಕೊಂಡು, ಮ್ಯಾನೇಜರು ಇನ್ನೊಂದು ಕಡೆ ಮೇಜಿಗೆ ಕಾಲು ಕೊಟ್ಟು, ಎಳೆದದ್ದೇ ಎಳೆದದ್ದು. ಗುಮಾಸ್ತರು ಎದ್ದು ನಿಂತರು. ಜವಾನ ಬಾಗಿಲಿಗೆ ಅಡ್ಡ ನಿಂತ, ಯಾರೂ ಒಳಗೆ ಬರದಂತೆಯೋ ತಾನು ಚೆನ್ನಾಗಿ ನೋಡುವುದಕ್ಕೋ ಕಾಣೆ. ಹಗ್ಗ ಹರಿಯಲಿಲ್ಲ. ಮೇಜು ಜಾರಿತು. ಮ್ಯಾನೇಜರು ಮೇಜಿನ ಜೊತೆಗೇ ಅಕ್ಕನ ಕಡೆ ಬಂದುಬಿಟ್ಟರು!

ಉಸಿರು ಬಿಡುತ್ತಾ ಹಗ್ಗವನ್ನು ಮತ್ತೆ ತಿರುಗಿಸಿ ನೋಡಿ, "ಅಡ್ಡಿಯಿಲ್ಲ" ಎಂದರು. "ಆದರೆ ಕಾಯಿ ನಮ್ಮದೇ ಮೇಲು."

"ಖಾತೆ ಬರ್ಕಳಿ" ಎಂದರು ಅಕ್ಕ.

ನನಗೆ ತಲೆ ಕೆಟ್ಟಿತು. ಇಲ್ಲೂ ಅದೇ ಕರೆಂಟ್ ಅಕೌಂಟು, ಇಲ್ಲೂ ಬಡ್ಡಿ ಇಲ್ಲ! ಹಸು, ಹಾಲು, ಸಗಣಿ ಎಲ್ಲ ಎಲ್ಲಿ ಹೋಯಿತು? ಇಷ್ಟಕ್ಕೆ ನಾನು ಪೇಟೆಯೆಲ್ಲ ಅಲೆದು ಮಾನ ಕಳೆದುಕೊಳ್ಳಬೇಕಿತ್ತೇ? ಕೋಪದಿಂದ ಕಿವಿಯಲ್ಲಿ ಕೇಳಿದೆ. ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದರು:

"ಆ ಎರಡು ಬ್ಯಾಂಕ್ನೋರು ಯಾರಾದ್ರೂ ನನ್ನ ಜೊತೆ ಜಗಳ ಆಡಿದ್ರೇನೇ? ಒಬ್ಬ ನಗಾಡ್ದ, ಒಬ್ಬ ನನ್ನ ತಲೆ ಮೇಲಿಂದ ನಿನ್ನ ಭಾವನ್ನ ಹುಡುಕ್ದ. ಈವಯ್ಯ ನನ್ನ ಮುಖ ನೋಡಿ ಜಗಳ ಆಡ್ದ. ಆಡೋನು ಮನುಷ್ಯ."

ಇನ್ನೊಂದು ತೊಡಕಿತ್ತು. ಹೊಸ ಖಾತೆಗೆ, ಅಲ್ಲಿ ಆಗಲೇ ಖಾತೆ ಇರುವವರೊಬ್ಬರು ಇವರನ್ನು ಬಲ್ಲೆ ಎಂದು ಸಹಿ ಹಾಕಬೇಕು. "ನಾನ್ಯಾರು ಅಂತ ಹೇಳಕ್ಕೆ ಇನ್ನೊಬ್ಬ ಯಾಕೆ?" ಎಂದು ಅಕ್ಕ ಶುರುಮಾಡುವಷ್ಟರಲ್ಲಿ ಮ್ಯಾನೇಜರು ಎದುರಿನ ಹೋಟೆಲಿನವನನ್ನು ಕರೆಸಿದರು.

"ಈ ಅಮ್ಮನ ಪರಿಚಯ ಉಂಟಾ?"

"ಈಗಿನ್ನೂ ಬೈಸ್ಕೊಂಡೆ ಸಾರ್. ನಮ್ಮ ತಾತನ್ನೂ ಬುಡ್ಲಿಲ್ಲ."

"ಹಾಗಾದರೆ ಮನೆಯವರಷ್ಟೇ ಪರಿಚಯ ಆಯಿತು. ಹಾಕು ಸಹಿ."

ಎಲ್ಲ ಮುಗಿಯುತ್ತಾ ಬಂತು. ಮ್ಯಾನೇಜರು ಪೆನ್ನು ಹಿಡಿದು, "ಚೆಕ್ಕಿಗೆ ಯಾರ ಸಹಿ? ಇಬ್ಬರದ್ದೂ ಒಟ್ಟಿಗೆ ಬೇಕು ಅಂತ ಬರೆಯುತ್ತೇನೆ. ಓರಗಿತ್ತಿಯರು ಅಂದ ಮೇಲೆ ಅದೇ ಕ್ಷೇಮ" ಎಂದರು. ನಾನು ತಲೆಯಾಡಿಸಿದೆ. ಬೆಲ್ಲದ ಡಬ್ಬಿಗೆ ಬೀಗ ಹಾಕುವ, ನಾನು ಎಣಿಸಿಟ್ಟ ಕಾಯಿಗಳನ್ನು ಮತ್ತೆ ಎಣಿಸುವ ಹೆಂಗಸು ಇನ್ನೇನಕ್ಕೆ ತಾನೇ ಒಪ್ಪಿಯಾರು?

"ಒಬ್ಬರದ್ದು ಸಾಕು" ಎಂದರು ಅಕ್ಕ.

"ನಿಮ್ಮದಾ?"

"ನಂದು ಬ್ಯಾಡ. ಇವಳ್ದು."

"ಇವರು ಎಲ್ಲ ಹಣ ತೆಗೆದುಕೊಂಡು ಹೋದರೂ ಆಮೇಲೆ ನೀವು ಕೇಳುವ ಹಾಗಿಲ್ಲ, ಗೊತ್ತುಂಟಲ್ಲ?"

"ಗೊತ್ತಾಯ್ತು, ಬರ್ಕಳಿ ಸಾಮಿ."

ಆ ಕಂಪನಿ ಎಷ್ಟೋ ವರ್ಷ ನಡೆಯಿತು. ಊರಿನ ಎಷ್ಟೋ ಹೆಂಗಸರು ನಮ್ಮ ಅಂಗಳದಲ್ಲಿ ನಾರು ಹೊಸೆದರು. ಮಿಷನ್ನಿನಲ್ಲಿ ನಾರು ತೆಗೆಯುವವರು ಬಂದ ಮೇಲೆ ನಿಂತಿತು. ಅಷ್ಟೂ ಕಾಲ ಪ್ರತಿ ಚೆಕ್ಕಿಗೆ ನನ್ನದೇ ಸಹಿ. ಆದರೆ ಅವತ್ತು ನನಗೆ ಬಂದದ್ದು ಸಿಟ್ಟು. ನಾಳೆ ಲೆಕ್ಕ ತಪ್ಪಿದರೆ ನನ್ನ ತಲೆಗೆ ಕಟ್ಟುವ ಉಪಾಯ ಇದು ಎಂದುಕೊಂಡೆ. ಬಸ್ಸಿನಲ್ಲಿ ಮುಖ ತಿರುಗಿಸಿ ಕುಳಿತೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದ ಮೇಲೆ ತಡೆಯಲಾಗಲಿಲ್ಲ.

"ಏನಕ್ಕ ನೀವು? ಅವರು ಹೇಳಿದ್ದು ಕೇಳಿಸಲಿಲ್ವಾ? ನಾನು ದುಡ್ಡೆಲ್ಲ ಎತ್ತಿಕೊಂಡು ತೌರಿಗೆ ಹೊರಟುಹೋದ್ರೆ ಏನ್ ಮಾಡ್ತೀರಿ?"

ಅಕ್ಕ ಬೈಯಲಿಲ್ಲ. ತುಮಕೂರಿನ ಕಡೆ ಹೊರಟ ಬಸ್ಸನ್ನು ನೋಡುತ್ತಾ ನಿಂತಿದ್ದರು.

"ಹೋಗ್ಬೇಕು ಅಂತ ಅನ್ನಿಸಿದ ದಿನ ಹೋಗು ಕಣೇ. ಇರ್ಬೇಕು ಅನ್ನಿಸಿದ್ರೆ ಇರು. ಕೈಯಾಗೆ ಕಾಸಿಲ್ಲ ಅಂತ ಮಾತ್ರ ಇರ್ಬ್ಯಾಡ. ನಾನು ಒಂದ್ಸಲ ಹೊರಟು ಇಲ್ಲೀಗಂಟ ಬಂದಿದ್ದೆ, ನೀನು ಬರಕ್ಕೆ ಮುಂಚೆ, ಅತ್ತೆ ಇದ್ದ ಕಾಲದಾಗೆ. ಬಸ್ ಚಾರ್ಜಿಗೆ ಕಾಸಿರಲಿಲ್ಲ. ಹೊತ್ತು ಮುಳುಗೋಗಂಟ ನಿಂತಿದ್ದು ವಾಪಸ್ ಹೋದೆ."

ಅವರ ಕೈ ಹಿಡಿದುಕೊಂಡೆ. ಕೊಡತಿ ಹಿಡಿದು ಹಿಡಿದು ಗಂಟುಕಟ್ಟಿದ ಕೈ. ಕೊಬ್ಬರಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ರಸ್ತೆ ದಾಟಿ, ನಮ್ಮೂರಿನ ಮಣ್ಣುದಾರಿ ಹಿಡಿದ ಮೇಲೂ ಅವರು ಕೈ ಬಿಡಿಸಿಕೊಳ್ಳಲಿಲ್ಲ.